ಅಜ್ಜನ ಸೇನಾ ನಂಬರು ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮದು ನಾಪೋಕ್ಲು ಕಡೆಯ ಕೊಡವ ಕುಟುಂಬ. ಅಜ್ಜ ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆ ಸೇರಿ, ಬರ್ಮಾಕ್ಕೆ ಹೋಗಿ, 1946ರಲ್ಲಿ ಊರಿಗೆ ಬಂದರು ಎಂದು ಮನೆಯಲ್ಲಿ ಹೇಳುತ್ತಾರೆ. ಪಿಂಚಣಿ ಇರಲಿಲ್ಲ. ಈಗ ಉಳಿದಿರುವುದು ಮೂರು ಪದಕ, ಸಮವಸ್ತ್ರದಲ್ಲಿರುವ ಒಂದು ಫೋಟೊ, ಒಂದೆರಡು ಹಳೆಯ ಲಕೋಟೆ. ಅಜ್ಜನ ತಮ್ಮನೂ ಸೇನೆಯಲ್ಲಿದ್ದರು. ಮಲಯದ ಕಡೆ ಹೋದವರು ವಾಪಸ್ ಬರಲೇ ಇಲ್ಲ. ಅಜ್ಜನ ಹೆಸರು, ಊರು ಬರೆದು ಒಂದು ದಾಖಲೆ ಕಚೇರಿಗೆ ಪತ್ರ ಹಾಕಿದರೆ "ದಾಖಲೆ ಲಭ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂತು. ಮುಂದೇನು ಮಾಡಬೇಕು?

ಉತ್ತರ: "ಲಭ್ಯವಿಲ್ಲ" ಎಂದ ಮಾತ್ರಕ್ಕೆ ದಾಖಲೆ ನಾಶವಾಗಿದೆ ಎಂದು ತಿಳಿಯಬೇಡಿ. ಕೊಟ್ಟ ವಿವರದಿಂದ ಹುಡುಕಲಾಗಲಿಲ್ಲ ಎನ್ನುವುದಕ್ಕೂ ಕಚೇರಿಗಳು ಇದನ್ನೇ ಬರೆಯುತ್ತವೆ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಯಲ್ಲಿದ್ದವರು ಸುಮಾರು 25 ಲಕ್ಷ ಮಂದಿ. ಅವರೆಲ್ಲರ ಕಾಗದಪತ್ರ ಒಂದೇ ಕಡೆ ಅಕಾರಾದಿಯಾಗಿ ಜೋಡಿಸಿಟ್ಟಿಲ್ಲ. ಮೊದಲು ದಳ (ರೆಜಿಮೆಂಟ್ ಅಥವಾ ಕೋರ್), ಆಮೇಲೆ ಆ ದಳದೊಳಗಿನ ನಂಬರು, ಹೀಗೆ ಇರುತ್ತವೆ. "ನಾಪೋಕ್ಲಿನ ಮುತ್ತಣ್ಣ" ಎಂದು ಬರೆದರೆ ಗುಮಾಸ್ತರಿಗೆ ಯಾವ ರಿಜಿಸ್ಟರ್ ತೆರೆಯಬೇಕೆಂದೇ ತಿಳಿಯುವುದಿಲ್ಲ. ಇನ್ನೊಂದು ಪತ್ರ ಹಾಕುವ ಮೊದಲು ಅಜ್ಜನ ಸೇನಾ ನಂಬರು, ದಳ ಇವೆರಡನ್ನು ಪತ್ತೆ ಮಾಡಿಕೊಳ್ಳಿ. ಆ ಕೆಲಸದ ಬಹುಪಾಲು ನಿಮ್ಮ ಮನೆಯಲ್ಲಿ ಮತ್ತು ಮಡಿಕೇರಿಯಲ್ಲೇ ಮುಗಿಯುತ್ತದೆ. ದೆಹಲಿ, ಲಂಡನ್ ಆಮೇಲಿನ ಮಾತು.

ಮೊದಲು ಪದಕ ತೆಗೆಯಿರಿ. ಬ್ರಾಸೋ ಹಾಕಿ ಉಜ್ಜಬೇಡಿ, ಇರುವ ಅಕ್ಷರವೂ ಸವೆದುಹೋಗುತ್ತದೆ. ದುಂಡನೆಯ ಪದಕವಾದರೆ ಅಂಚನ್ನು, ನಕ್ಷತ್ರದ ಆಕಾರದ್ದಾದರೆ ಹಿಂಬದಿಯನ್ನು ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ನಂಬರು, ಹುದ್ದೆ, ಹೆಸರು, ದಳ ಒತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಏನೂ ಇಲ್ಲದಿದ್ದರೆ ಪದಕ ನಕಲಿಯೆಂದುಕೊಳ್ಳಬೇಡಿ. ಮೊದಲನೇ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಹೆಸರು ಇರುವುದು ವಾಡಿಕೆ, ಎರಡನೆಯದರಲ್ಲಿ ಹೆಸರಿಲ್ಲದೆಯೇ ಹೊರಬಂದವು ಎಷ್ಟೋ ಇವೆ.

ಹೆಸರಿಲ್ಲದ ಪದಕವೂ ಮಾತಾಡುತ್ತದೆ. ನಕ್ಷತ್ರದ ನಡುವಿನ ವೃತ್ತದಲ್ಲಿ ಅದರ ಹೆಸರು ಇಂಗ್ಲಿಷಿನಲ್ಲಿ ಬರೆದೇ ಇರುತ್ತದೆ. ಬರ್ಮಾ ಸ್ಟಾರ್ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಸೇವೆಗೆ, ಆಫ್ರಿಕಾ ಸ್ಟಾರ್ 1940ರ ಜೂನ್ 10ರಿಂದ 1943ರ ಮೇ 12ರವರೆಗಿನದಕ್ಕೆ, ಇಟಲಿ ಸ್ಟಾರ್ 1943ರ ಜೂನ್ 11ರಿಂದ 1945ರ ಮೇ 8ರವರೆಗಿನದಕ್ಕೆ. ದುಂಡು ಪದಕದ ಹಿಂಬದಿಯಲ್ಲಿ ಸಿಂಹ ಇದ್ದರೆ ಅದು ವಾರ್ ಮೆಡಲ್. 28 ದಿನ ಸೇವೆ ಮಾಡಿದವರಿಗೆಲ್ಲ ಸಿಕ್ಕಿದ್ದು, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆದರೆ ಅದರ ರಿಬ್ಬನ್ನಿನ ಮೇಲೆ ಕಂಚಿನ ಪುಟ್ಟ ಓಕ್ ಎಲೆ ಕೂತಿದೆಯೇ ನೋಡಿ. ಇದ್ದರೆ ಅಜ್ಜನ ಹೆಸರು ಸೇನಾ ವರದಿಯಲ್ಲಿ ವಿಶೇಷವಾಗಿ ಬಂದಿದೆ ಎಂದರ್ಥ, ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್‌ನಲ್ಲಿ ಹುಡುಕಬಹುದು. ಹಿಂಬದಿಯಲ್ಲಿ ಭಾರತದ ನಕ್ಷೆ ಇದ್ದರೆ ಅದು ಇಂಡಿಯಾ ಸರ್ವಿಸ್ ಮೆಡಲ್, ರಣರಂಗದಿಂದ ಹೊರಗೆ ಮೂರು ವರ್ಷ ಸೇವೆ ಮಾಡಿದವರಿಗೆ ಕೊಟ್ಟದ್ದು.

ಮನೆಮಾತಿನ ಕತೆಗೂ ಪದಕಕ್ಕೂ ತಾಳೆಯಾಗದೆ ಹೋಗುವುದು ಇಲ್ಲೇ. ಬರ್ಮಾ ಸ್ಟಾರ್ ಇದೆ ಎಂದ ಮಾತ್ರಕ್ಕೆ ಅಜ್ಜ ಬರ್ಮಾದ ನೆಲ ತುಳಿದಿದ್ದರು ಎನ್ನುವಂತಿಲ್ಲ. ಅಸ್ಸಾಂ, ಬಂಗಾಳದ ಗೊತ್ತುಪಡಿಸಿದ ಭಾಗಗಳಲ್ಲಿ ಗೊತ್ತುಪಡಿಸಿದ ಅವಧಿಯಲ್ಲಿದ್ದವರಿಗೂ ಅದು ಸಿಕ್ಕಿದೆ. 1944ರ ಇಂಫಾಲ, ಕೊಹಿಮಾ ಕಾಳಗ ನಡೆದದ್ದು ಭಾರತದೊಳಗೇ ಅಲ್ಲವೇ? ನಿಮ್ಮ ಮೂರರಲ್ಲಿ ಯಾವ ಸ್ಟಾರೂ ಇಲ್ಲದೆ ವಾರ್ ಮೆಡಲ್ ಮತ್ತು ನಕ್ಷೆಯ ಪದಕ ಇದ್ದರೆ, ಬರ್ಮಾದ ಮಾತನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. 1946ರಲ್ಲಿ ಬಂದರು ಎನ್ನುತ್ತೀರಿ. ಯುದ್ಧ ಮುಗಿದದ್ದು 1945ರ ಸೆಪ್ಟೆಂಬರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಭಾರತೀಯ ಪಡೆಗಳು ಮಲಯ, ಜಾವಾ, ಸೈಗಾನ್‌ಗಳಲ್ಲಿದ್ದವು. ಜನರಲ್ ಸರ್ವಿಸ್ ಮೆಡಲ್ ಇದ್ದು, ಅದರ ರಿಬ್ಬನ್ನಿನ ಅಡ್ಡಪಟ್ಟಿಯಲ್ಲಿ ಆಗ್ನೇಯ ಏಷ್ಯಾ 1945-46 ಎಂದಿದ್ದರೆ ಆ ತಿಂಗಳುಗಳ ಲೆಕ್ಕವೂ ಸಿಕ್ಕಿತು.

ಫೋಟೊವನ್ನು ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಮುಂದೆ ಹಿಂದೆ ಎರಡೂ. ಚೌಕಟ್ಟಿನಲ್ಲಿದ್ದರೆ ಬಿಚ್ಚಿ, ಸ್ಟುಡಿಯೊದ ಮೊಹರು ಹಿಂದೆ ಇರುತ್ತದೆ. ಭುಜದ ಪಟ್ಟಿಯ ಮೇಲೆ ಹಿತ್ತಾಳೆಯ ಅಕ್ಷರಗಳಿದ್ದರೆ ಅದೇ ದಳದ ಹೆಸರು. ತೋಳಿನ ಮೇಲ್ಭಾಗದಲ್ಲಿ ಬಟ್ಟೆಯ ಬಿಲ್ಲೆ ಇದ್ದರೆ ಅದು ಡಿವಿಷನ್ನಿನದು, ಅಂದರೆ ಹಲವು ದಳಗಳ ಘಟಕಗಳು ಸೇರಿದ ದೊಡ್ಡ ಪಡೆಯದು: ಕಪ್ಪು ಬೆಕ್ಕು 17ನೇ ಭಾರತೀಯ ಡಿವಿಷನ್, ಹುಂಜ 23ನೇದು, ಕಠಾರಿ 19ನೇದು, ಬಾಣ 7ನೇದು, ಇಸ್ಪೀಟಿನ ಎಕ್ಕ 25ನೇದು. ಇವೆಲ್ಲ ಬರ್ಮಾ ಕಡೆಯವು. ಹದ್ದಿನ ಗುರುತಿದ್ದರೆ 4ನೇ ಡಿವಿಷನ್, ಅಂದರೆ ಉತ್ತರ ಆಫ್ರಿಕಾ ಮತ್ತು ಇಟಲಿ. ತೋಳಿನಲ್ಲಿ ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಭುಜದ ಮೇಲೆ ಒಂದು ನಕ್ಷತ್ರ ಕಂಡ ಕೂಡಲೇ ಲೆಫ್ಟಿನೆಂಟ್ ಎನ್ನಬೇಡಿ, ಆ ಕಾಲದ ಜಮಾದಾರರೂ ಒಂದು ನಕ್ಷತ್ರ ಧರಿಸುತ್ತಿದ್ದರು. ಜಮಾದಾರ್ ಎಂಬುದು ಈಗಿನ ನಾಯಬ್ ಸುಬೇದಾರ್ ಹುದ್ದೆ. ಊರಿನ ಬಾಯಲ್ಲಿ ಹುದ್ದೆ ತಲೆಮಾರಿಗೊಂದು ಮೆಟ್ಟಿಲು ಏರುವುದು ಎಲ್ಲ ಕಡೆ ಇದ್ದದ್ದೇ. ಪತ್ರದಲ್ಲಿ ಮಾತ್ರ ಖಾತ್ರಿಯಿದ್ದದ್ದನ್ನೇ ಬರೆಯಿರಿ.

ನಿಮ್ಮ ಬಳಿಯಿರುವುದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಲಕೋಟೆಗಳೇ ಇರಬಹುದು. ಕಳುಹಿಸಿದವರ ವಿಳಾಸದಲ್ಲಿ ನಂಬರು, ಹುದ್ದೆ, ಹೆಸರು, ಘಟಕ ಬರೆಯುವುದು ಸೈನಿಕರ ರೂಢಿ. ಸೆನ್ಸಾರಿನ ಕಾರಣಕ್ಕೆ ಊರಿನ ಹೆಸರು ಇರುವುದಿಲ್ಲ, ಆದರೆ ಅಂಚೆ ಮೊಹರಿನಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ನಂಬರು ಮತ್ತು ತಾರೀಕು ಇರುತ್ತದೆ. ಯಾವ ನಂಬರಿನ ಅಂಚೆ ಕಚೇರಿ ಯಾವ ತಿಂಗಳು ಎಲ್ಲಿತ್ತು ಎಂಬ ಪಟ್ಟಿಗಳನ್ನು ಅಂಚೆಚೀಟಿ ಸಂಗ್ರಾಹಕರು ತಯಾರಿಸಿಟ್ಟಿದ್ದಾರೆ. ಸೇನಾ ಅಂಚೆ ಸಂಗ್ರಹಿಸುವವರೊಬ್ಬರಿಗೆ ಮೊಹರಿನ ಚಿತ್ರ ಕಳುಹಿಸಿ ಕೇಳಿ. ಅಂಚೆಚೀಟಿಯನ್ನು ಕತ್ತರಿಸಿ ತೆಗೆಯಬೇಡಿ, ಮೊಹರು ಅದರ ಜೊತೆಗೇ ಹೋಗುತ್ತದೆ.

ಇನ್ನು ಮನೆಯಲ್ಲಿ ಹುಡುಕಬೇಕಾದದ್ದು: ಡಿಸ್ಚಾರ್ಜ್ ಸರ್ಟಿಫಿಕೇಟ್, ಪೇ ಬುಕ್, ಮನಿಯಾರ್ಡರ್ ರಸೀದಿ, ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನ ಮುಚ್ಚಳ. ಟ್ರಂಕಿನ ಮೇಲೆ ನಂಬರು, ಹೆಸರು ಬಣ್ಣದಲ್ಲಿ ಬರೆಸುತ್ತಿದ್ದರು; ಮೇಲೆ ಇನ್ನೊಂದು ಬಣ್ಣ ಬಳಿದಿದ್ದರೂ ಓರೆ ಬೆಳಕಿನಲ್ಲಿ ಕಾಣುತ್ತದೆ. ನಿಮ್ಮ ಮನೆಯಲ್ಲಿ ಇಲ್ಲದ್ದು ಅಜ್ಜನ ಅಣ್ಣತಮ್ಮಂದಿರ ಮನೆಯಲ್ಲಿ, ಐನ್‌ಮನೆಯ (ಮನೆತನದ ಮೂಲಮನೆಯ) ಪೆಟ್ಟಿಗೆಯಲ್ಲಿ ಇರಬಹುದು. ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ, ಸೇರುವ ಕೈಲ್‌ಪೊಳ್ದ್ ಹಬ್ಬಕ್ಕೋ ಪುತ್ತರಿ ಹಬ್ಬಕ್ಕೋ ಮೊದಲೇ ಹೇಳಿಟ್ಟರೆ ಹಿರಿಯರು ಹುಡುಕಿ ತಂದಾರು.

ಮನೆಯಲ್ಲಿ ಸಿಗದಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದ ಯೋಧರಿಗೆ, ಅವರ ಪತ್ನಿಯರಿಗೆ ರಾಜ್ಯ ಸರ್ಕಾರ ಮಾಸಿಕ ನೆರವು ಕೊಡುತ್ತಾ ಬಂದಿದೆ. ಅಜ್ಜನಾಗಲಿ ಅಜ್ಜಿಯಾಗಲಿ ಅದಕ್ಕೆ ಅರ್ಜಿ ಹಾಕಿದ್ದರೆ ಕಡತದಲ್ಲಿ ಡಿಸ್ಚಾರ್ಜ್ ಸರ್ಟಿಫಿಕೇಟಿನ ಪ್ರತಿ ಇದ್ದೇ ಇರುತ್ತದೆ. ಮಾಜಿ ಸೈನಿಕರೆಂದು ಜಮೀನು ಮಂಜೂರಾಗಿದ್ದರೆ ತಾಲೂಕು ಕಚೇರಿಯ ಮಂಜೂರಾತಿ ಕಡತದಲ್ಲೂ ಅದೇ ಪ್ರತಿ ಸಿಗುವ ಸಾಧ್ಯತೆ ಇದೆ. ಇವೆರಡನ್ನು ಕೇಳದೆಯೇ ದೆಹಲಿಗೆ ಬರೆಯುವವರು ಬಹಳ.

ನಂಬರು ಸಿಕ್ಕಾಗ ಇದ್ದಂತೆಯೇ ಬರೆದುಕೊಳ್ಳಿ, ಮುಂದಿರುವ ಇಂಗ್ಲಿಷ್ ಅಕ್ಷರಗಳನ್ನು ಬಿಡಬೇಡಿ. ಅದೇ ಅಂಕಿ ಬೇರೆ ದಳದಲ್ಲಿ ಇನ್ನೊಬ್ಬರಿಗೆ ಇರಬಹುದು.

ಈಗ ಹೆಸರಿನ ವಿಚಾರ. ಕೊಡಗಿನವರ ಅರ್ಜಿಗಳು ಹೆಚ್ಚು ಸೋಲುವುದು ಇಲ್ಲೇ. ಕೊಡವರಲ್ಲಿ ಮೊದಲು ಒಕ್ಕದ ಹೆಸರು, ಆಮೇಲೆ ತಂದೆಯದು, ಕೊನೆಗೆ ಸ್ವಂತ ಹೆಸರು: ಕೋದಂಡೇರ ಮಾದಪ್ಪ ಕಾರ್ಯಪ್ಪ ಅವರು ಕೆ.ಎಂ. ಕಾರ್ಯಪ್ಪ ಆದದ್ದು ಹಾಗೆ. ಬ್ರಿಟಿಷ್ ಪದ್ಧತಿಯ ರಿಜಿಸ್ಟರಿನಲ್ಲಿ ಕೊನೆಯ ಪದವೇ ಮನೆತನದ ಹೆಸರೆಂದು ಬೀಳುತ್ತದೆ, ಒಕ್ಕದ ಹೆಸರು ಒಂದಕ್ಷರಕ್ಕೆ ಇಳಿಯುತ್ತದೆ ಅಥವಾ ಮಾಯವೇ ಆಗುತ್ತದೆ. ಹಾಗಾಗಿ ಡಿಜಿಟಲ್ ಪಟ್ಟಿಯಲ್ಲಿ ಹುಡುಕುವಾಗ ಮನೆತನದ ಹೆಸರಿನ ಜಾಗದಲ್ಲಿ ಅಜ್ಜನ ಸ್ವಂತ ಹೆಸರನ್ನೇ ಹಾಕಿ. ಅರೆಭಾಷೆ ಗೌಡರಲ್ಲೂ ಮನೆ ಹೆಸರು ಮೊದಲು ಬರುವುದರಿಂದ ಅವರಿಗೂ ಇದೇ ಮಾತು. ಒಕ್ಕಪರಿಜೆ, ಮಕ್ಕಪರಿಜೆ ಎಂಬ ಕೊಡವ ಪದ್ಧತಿಯ ಮದುವೆಗಳಿಂದ ಹುಟ್ಟಿದವರ ಒಕ್ಕದ ಹೆಸರು ತಂದೆಯ ಕಡೆಯದೇ ಆಗಿರಬೇಕೆಂದಿಲ್ಲ. ಅಜ್ಜನ ಇನಿಷಿಯಲ್ ಈಗಿನ ನಿಮ್ಮ ಇನಿಷಿಯಲ್‌ಗೆ ಹೊಂದದಿದ್ದರೆ ಬೇರೆ ಯಾರೋ ಎಂದು ಕೈಬಿಡುವ ಮೊದಲು ಹಿರಿಯರನ್ನು ಕೇಳಿ.

ಕಾಗುಣಿತ ಇನ್ನೊಂದು ತಲೆನೋವು. ಭರ್ತಿ ಮಾಡಿಕೊಂಡ ಗುಮಾಸ್ತರಿಗೆ ಕನ್ನಡವೂ ಬಾರದು, ಕೊಡವ ತಕ್ಕೂ ಬಾರದು. ಕಿವಿಗೆ ಬಿದ್ದಂತೆ ಬರೆದರು. ಕಾರ್ಯಪ್ಪ ಎಂಬುದು ಇಂಗ್ಲಿಷಿನಲ್ಲಿ ಸಿ ಇಂದಲೂ ಕೆ ಇಂದಲೂ ಶುರುವಾಗುತ್ತದೆ. ತಿಮ್ಮಯ್ಯದಲ್ಲಿ ಎಂ ಒಂದೋ ಎರಡೋ, ಕೊನೆಯಲ್ಲಿ ವೈ ಇದೆಯೋ ಐ ಇದೆಯೋ ಹೇಳಲಾಗದು. ಉತ್ತಪ್ಪ ಯು ಇಂದಲೂ ಬರುತ್ತದೆ, ಎರಡು ಓ ಇಂದಲೂ ಬರುತ್ತದೆ. ಪೂಣಚ್ಚ, ಅಯ್ಯಪ್ಪ, ಚೆಂಗಪ್ಪ, ಬೋಪಯ್ಯ ಇವಕ್ಕೆಲ್ಲ ಮೂರು ನಾಲ್ಕು ರೂಪಗಳುಂಟು. ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದಾಗಿ ಹಾಕಿ ನೋಡಬೇಕು, ಬೇರೆ ದಾರಿಯಿಲ್ಲ. ಊರಿನ ಹೆಸರೂ ಹಾಗೆಯೇ. ಮಡಿಕೇರಿ ಆಗ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟೆ. ವಿಳಾಸದಲ್ಲಿ ಪಾಡಿನಾಲ್ಕುನಾಡು, ಎಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ ಎಂಬ ಹಳೆಯ ತಾಲೂಕುಗಳು ಕಾಣಬಹುದು; ನಿಮ್ಮ ನಾಪೋಕ್ಲು ಪಾಡಿನಾಲ್ಕುನಾಡಿನದು. ಪ್ರಾಂತ್ಯ ಮಾತ್ರ ಕೂರ್ಗ್, ಮೈಸೂರೂ ಅಲ್ಲ, ಮದ್ರಾಸೂ ಅಲ್ಲ. 1956ರವರೆಗೂ ಅದು ಬೇರೆಯೇ ಇತ್ತು. ಪತ್ರಾಗಾರದಲ್ಲಿ ಕರ್ನಾಟಕ ಎಂದು ಹುಡುಕಿದರೆ ಏನೂ ಸಿಗದು.

ದಳ ತಿಳಿದ ಮೇಲೆ ಕಚೇರಿ ತಾನಾಗಿ ತಿಳಿಯುತ್ತದೆ. ಕೊಡವರೆಂದ ಮೇಲೆ ಕೂರ್ಗ್ ರೆಜಿಮೆಂಟೇ ಇರಬೇಕು ಎಂದು ಎಷ್ಟೋ ಜನ ಊಹಿಸುತ್ತಾರೆ. 71ನೇ ಕೂರ್ಗ್ ರೈಫಲ್ಸ್ 1904ರಲ್ಲೇ ವಿಸರ್ಜನೆಯಾಗಿತ್ತು. 1942ರಲ್ಲಿ ಒಂದನೇ ಕೂರ್ಗ್ ಬೆಟಾಲಿಯನ್ ಹುಟ್ಟಿತು, ಯುದ್ಧದ ನಂತರ ಅದು ಫಿರಂಗಿ ದಳಕ್ಕೆ ಸೇರಿತು. ಅದರಲ್ಲಿದ್ದು ಮುಂದುವರಿದವರ ದಾಖಲೆಗೆ ನಾಸಿಕ್ ರೋಡ್ ಕ್ಯಾಂಪಿನ ಆರ್ಟಿಲರಿ ರೆಕಾರ್ಡ್ಸ್ ಕೇಳಬೇಕು. ಮದ್ರಾಸ್ ರೆಜಿಮೆಂಟ್ ಯುದ್ಧದ ಹೊತ್ತಿನಲ್ಲಿ ಹೊಸದಾಗಿ ಕಟ್ಟಿದ್ದು, ಅದರ ಕೇಂದ್ರ ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ. ಮದ್ರಾಸ್ ಸ್ಯಾಪರ್ಸ್ (ಸೇನಾ ಎಂಜಿನಿಯರುಗಳ ದಳ) ಆದರೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ), ಮರಾಠಾ ಆದರೆ ಬೆಳಗಾವಿ, ಸಿಗ್ನಲ್ಸ್ ಆದರೆ ಜಬಲ್ಪುರ, ರಜಪೂತ್ ಆದರೆ ಫತೇಗಢ, ವೈದ್ಯಕೀಯ ದಳ ಲಖನೌ, ಇಎಂಇ (ಯಂತ್ರ, ವಾಹನ ದುರಸ್ತಿಯ ದಳ) ಮತ್ತು ಆರ್ಡ್ನೆನ್ಸ್ (ಶಸ್ತ್ರ, ಸಾಮಗ್ರಿ ಪೂರೈಕೆಯ ದಳ) ಸಿಕಂದರಾಬಾದ್. ಜನರಲ್ ತಿಮ್ಮಯ್ಯನವರಿದ್ದ 19ನೇ ಹೈದರಾಬಾದ್ ರೆಜಿಮೆಂಟ್ 1945ರಲ್ಲಿ ಕುಮಾವ್ ರೆಜಿಮೆಂಟ್ ಆಯಿತು, ಅದಕ್ಕೆ ರಾಣಿಖೇತ್. ಲಾರಿ ಓಡಿಸುತ್ತಿದ್ದರು, ರೇಷನ್ ಸಾಗಿಸುತ್ತಿದ್ದರು ಎಂಬ ನೆನಪು ಮನೆಯಲ್ಲಿದ್ದರೆ ಅದು ಸೇನೆಯ ಸಾಗಣೆ, ಸರಬರಾಜಿನ ದಳ: ಆಗಿನ ಆರ್‌ಐಎಎಸ್‌ಸಿ, ಈಗಿನ ಎಎಸ್‌ಸಿ. ಬೆಂಗಳೂರಿನ ದಾಖಲೆ ಕಚೇರಿಯಿಂದ ಶುರು ಮಾಡಿ. ಬಲೂಚ್, ಫ್ರಾಂಟಿಯರ್ ಫೋರ್ಸ್, ಪಂಜಾಬ್‌ನ ಹಲವು ರೆಜಿಮೆಂಟುಗಳು 1947ರಲ್ಲಿ ಪಾಕಿಸ್ತಾನಕ್ಕೆ ಹೋದವು. ಅಜ್ಜ ಅಂಥದ್ದರಲ್ಲಿದ್ದು ವಿಭಜನೆಗೆ ಮೊದಲೇ ಬಿಡುಗಡೆಯಾಗಿದ್ದರೆ ಇಲ್ಲಿನ ಕಚೇರಿಯಿಂದ ಹೆಚ್ಚು ನಿರೀಕ್ಷಿಸಬೇಡಿ.

ಪತ್ರದಲ್ಲಿ ಏನು ಕೇಳುತ್ತೀರಿ ಎಂಬುದೂ ಮುಖ್ಯ. "ಸರ್ವಿಸ್ ರೆಕಾರ್ಡ್ ಕೊಡಿ" ಎಂದರೆ ಸಿಬ್ಬಂದಿ ಹುಡುಕುವುದು ಷೀಟ್ ರೋಲ್, ಅಂದರೆ ಆ ಸೈನಿಕನೊಬ್ಬನ ಸೇವಾ ಕಾಗದಗಳು. ಪಿಂಚಣಿ ಇಲ್ಲದೆ ಹೊರಬಂದವರ ಆ ಕಾಗದಗಳನ್ನು 25 ವರ್ಷ ಇಟ್ಟು ನಾಶಮಾಡುವ ನಿಯಮವಿದೆ. 1946ರಲ್ಲಿ ಬಂದವರದು ಎಂದೋ ಹೋಗಿರುತ್ತದೆ, ನಿಮಗೆ ಬಂದ ಒಂದು ಸಾಲಿನ ಉತ್ತರಕ್ಕೆ ಇದೂ ಕಾರಣವಾಗಿರಬಹುದು. ಆದರೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರ್ ಬೇರೆ ಇರುತ್ತದೆ, ಅದನ್ನು ಉಳಿಸಿಕೊಳ್ಳುತ್ತಾರೆ. ನಂಬರಿನ ಎದುರು ಒಂದು ಸಾಲು: ಹೆಸರು, ಸೇರಿದ ತಾರೀಕು, ಬಿಡುಗಡೆಯ ತಾರೀಕು, ಕಾರಣ, ಇಂಥವು. ಅದರಿಂದ ಜೀವನಚರಿತ್ರೆ ಬರೆಯಲಾಗದು, ಆದರೆ ಮುಂದಿನ ಎಲ್ಲ ಹುಡುಕಾಟಕ್ಕೂ ಅಷ್ಟು ಸಾಕು. ಪತ್ರದಲ್ಲಿ ಲಾಂಗ್ ರೋಲ್‌ನ ಆ ನಮೂದಿನ ಪ್ರತಿ ಬೇಕೆಂದೇ ಸ್ಪಷ್ಟವಾಗಿ ಬರೆಯಿರಿ. ಷೀಟ್ ರೋಲ್ ನಾಶವಾಗಿದ್ದರೆ ನಾಶದ ತಾರೀಕು ತಿಳಿಸಿ ಎಂದೂ ಸೇರಿಸಿ.

ಮೊದಲು ಸಾದಾ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಜೊತೆಗೆ ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ, ಅಜ್ಜನ ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಪದಕ ಮತ್ತು ಲಕೋಟೆಯ ಚಿತ್ರಗಳು. ಹುಟ್ಟಿದ ವರ್ಷವನ್ನು "ಸುಮಾರು" ಎಂದು ಬರೆಯಿರಿ. ಭರ್ತಿಯ ಹೊತ್ತಿಗೆ ವಯಸ್ಸನ್ನು ಹಿಂದೆ ಮುಂದೆ ಮಾಡಿ ಹೇಳಿದವರು ಕಡಿಮೆಯಿಲ್ಲ, ಶಾಲೆಯ ದಾಖಲೆಯ ತಾರೀಕಿಗೆ ಹೊಂದದೆ ಹೋದರೆ ಕಚೇರಿಯವರು ಇವರಲ್ಲ ಎಂದು ಬದಿಗಿಟ್ಟುಬಿಡುತ್ತಾರೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು, ಸಮಾಧಾನವಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಬೇರೊಬ್ಬರ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಬಹುದು, ವಂಶವೃಕ್ಷವನ್ನು ಇಲ್ಲೂ ಲಗತ್ತಿಸುವುದು ಅದಕ್ಕೇ.

ಘಟಕದ ಹೆಸರು, ಅಂದರೆ ಯಾವ ಬೆಟಾಲಿಯನ್, ಯಾವ ಕಂಪನಿ ಎಂಬುದು ಸಿಕ್ಕರೆ ಅಜ್ಜ ಎಲ್ಲೆಲ್ಲಿದ್ದರು ಎಂಬುದನ್ನು ವಾರ್ ಡೈರಿಯಿಂದ ತಿಳಿಯಬಹುದು. ಪ್ರತಿ ಘಟಕವೂ ತಿಂಗಳು ತಿಂಗಳು ಬರೆದಿಡಬೇಕಿದ್ದ ದಿನಚರಿ ಅದು. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಆಗ್ನೇಯ ಏಷ್ಯಾದ ಡೈರಿಗಳು ಡಬ್ಲ್ಯುಒ (ವಾರ್ ಆಫೀಸ್) 172 ಎಂಬ ಸರಣಿಯಲ್ಲಿವೆ, ಮಧ್ಯಪ್ರಾಚ್ಯದವು 169ರಲ್ಲಿ, ಇಟಲಿಯವು 170ರಲ್ಲಿ. ಸೂಚಿಯನ್ನು ಮನೆಯಿಂದಲೇ ಉಚಿತವಾಗಿ ನೋಡಬಹುದು, ಪುಟಗಳ ಪ್ರತಿಗೆ ಹಣ ಕೊಡಬೇಕು. ಶೌರ್ಯ ಪದಕಗಳ ಶಿಫಾರಸುಗಳು ಡಬ್ಲ್ಯುಒ 373ರಲ್ಲಿವೆ, ಅಲ್ಲಿ ಹೆಸರಿನಿಂದಲೇ ಹುಡುಕಬಹುದು. ಡೈರಿಯಲ್ಲಿ ಸಿಪಾಯಿಗಳ ಹೆಸರು ಬರುವುದು ಅಪರೂಪ. ಅಧಿಕಾರಿಗಳ ಹೆಸರು, ಊರು, ಮಳೆ, ಸಾವುನೋವಿನ ಅಂಕಿ, ಇಷ್ಟೇ. ಸಿಪಾಯಿಗಳ ಸೇವಾ ಕಡತವನ್ನು ಮಾತ್ರ ಬ್ರಿಟನ್ನಿನಲ್ಲಿ ಹುಡುಕಲು ಹೋಗಬೇಡಿ, ಅವು ಅಲ್ಲಿಗೆ ಹೋಗಲೇ ಇಲ್ಲ. ಹಣ ಕಟ್ಟಿಸಿಕೊಳ್ಳುವ ವಂಶಾವಳಿ ಜಾಲತಾಣಗಳಿಗೂ ಇದೇ ಮಾತು. ಅಜ್ಜ ಕಮಿಷನ್ ಪಡೆದ ಅಧಿಕಾರಿಯಾಗಿದ್ದರೆ ಬೇರೆ ದಾರಿ: ಇಂಡಿಯನ್ ಆರ್ಮಿ ಲಿಸ್ಟ್, ಗೆಜೆಟ್, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು.

ಅಜ್ಜನ ತಮ್ಮನ ವಿಚಾರ ಒಂದು ರೀತಿಯಲ್ಲಿ ಸುಲಭ. ಯುದ್ಧದಲ್ಲಿ ತೀರಿಕೊಂಡವರ ಪಟ್ಟಿಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಉಚಿತವಾಗಿ ಜಾಲತಾಣದಲ್ಲಿ ಇಟ್ಟಿದೆ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಸತ್ತವರು ಅದರಲ್ಲಿ ಬರುತ್ತಾರೆ. ಬದುಕಿ ಬಂದ ಅಜ್ಜನನ್ನು ಅಲ್ಲಿ ಹುಡುಕಬೇಡಿ. ವಿವರವಾದ ಹುಡುಕಾಟದಲ್ಲಿ ಸೇನೆಯನ್ನು ಭಾರತೀಯ ಎಂದು ಆರಿಸಿ, ಹೆಸರಿನ ಜಾಗ ಖಾಲಿ ಬಿಟ್ಟು, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಇಂಗ್ಲಿಷಿನಲ್ಲಿ ಕೂರ್ಗ್ ಎಂದು, ಇನ್ನೊಮ್ಮೆ ಮರ್ಕೆರಾ ಎಂದು ಹಾಕಿ. ತಂದೆತಾಯಿಯ ಹೆಸರು, ಊರು ಅಲ್ಲಿ ದಾಖಲಾಗಿದ್ದರೆ ಕಾಗುಣಿತದ ಗೊಡವೆಯಿಲ್ಲದೆ ಸಿಕ್ಕಿಬಿಡುತ್ತಾರೆ. ಸಮಾಧಿ ಇಲ್ಲದವರ ಹೆಸರು ಸ್ಮಾರಕಗಳ ಮೇಲಿದೆ: ಮಲಯದ ಕಡೆಯವರದು ಸಿಂಗಪುರದ ಕ್ರಾಂಜಿಯಲ್ಲಿ, ಬರ್ಮಾದವರದು ಯಾಂಗೊನ್ ಹತ್ತಿರದ ಟೌಕ್ಯಾನ್‌ನಲ್ಲಿರುವ ಸುಮಾರು 27,000 ಹೆಸರುಗಳ ರಂಗೂನ್ ಸ್ಮಾರಕದಲ್ಲಿ. ದಹನವಾದವರಿಗೆ ಬೇರೆ ಸ್ಮಾರಕಗಳಿವೆ; ಕೊಹಿಮಾದ ದಹನ ಸ್ಮಾರಕದಲ್ಲಿ 917 ಹಿಂದೂ, ಸಿಖ್ ಸೈನಿಕರನ್ನು ನೆನೆಯಲಾಗಿದೆ.

ಅಲ್ಲಿ ಹೆಸರಿಲ್ಲದಿದ್ದರೆ ಸೆರೆ ಮತ್ತು ಐಎನ್‌ಎ (ಆಜಾದ್ ಹಿಂದ್ ಫೌಜ್) ಎರಡನ್ನೂ ಯೋಚಿಸಿ. 1942ರ ಫೆಬ್ರುವರಿ 15ರಂದು ಸಿಂಗಪುರ ಶರಣಾದಾಗ 40,000ಕ್ಕೂ ಹೆಚ್ಚು ಭಾರತೀಯ ಸೈನಿಕರು ಜಪಾನಿನ ಕೈಗೆ ಸಿಕ್ಕರು. ಒಂದಷ್ಟು ಜನ ಐಎನ್‌ಎ ಸೇರಿದರು, ಸೇರದವರಲ್ಲಿ ಹಲವರನ್ನು ನ್ಯೂಗಿನಿಯವರೆಗೂ ದುಡಿಸಲು ಒಯ್ದರು. ಸೆರೆಯಾಳುಗಳ ಬಗ್ಗೆ ಜಿನೀವಾದ ರೆಡ್‌ಕ್ರಾಸ್ ಪತ್ರಾಗಾರಕ್ಕೆ ಬರೆಯಬಹುದು, ಅವರು ಅರ್ಜಿ ಸ್ವೀಕರಿಸುವುದು ಗೊತ್ತುಪಡಿಸಿದ ಅವಧಿಯಲ್ಲಿ ಮಾತ್ರ. ಐಎನ್‌ಎ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಅದರ ಅಭಿಲೇಖ್ ಪಟಲ್ ಪೋರ್ಟಲ್‌ನಲ್ಲಿ ಸೂಚಿ ನೋಡಬಹುದು. ತಮ್ಮನ ಪತ್ನಿಗೋ ತಾಯಿಗೋ ಕುಟುಂಬ ಪಿಂಚಣಿ ಬರುತ್ತಿತ್ತೇ ಎಂದು ಮನೆಯಲ್ಲಿ ವಿಚಾರಿಸಿ. ಬರುತ್ತಿದ್ದರೆ ಪಿಂಚಣಿ ಆದೇಶದ ನಂಬರು ಇರುತ್ತದೆ, ಪ್ರಯಾಗರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಗೆ ಅದನ್ನು ಹಿಡಿದು ಬರೆಯಬಹುದು.

ಆಯೋಗದ ಪಟ್ಟಿಯಲ್ಲಿ ಹೆಸರು ಸಿಕ್ಕಿ ಕಾಗುಣಿತ ತಪ್ಪಿದ್ದರೆ, ಇಲ್ಲವೇ ತಂದೆಯ ಹೆಸರು ಬಿಟ್ಟುಹೋಗಿದ್ದರೆ, ಆಧಾರ ಕೊಟ್ಟು ತಿದ್ದುಪಡಿ ಕೇಳಬಹುದು. ಆ ಕಾಲದ ಕಾಗದಕ್ಕೇ ತೂಕ ಹೆಚ್ಚು: ಸಾವಿನ ತಂತಿ, ಪೇ ಬುಕ್, ಅವರ ಕೈಬರಹದ ಲಕೋಟೆ. ಈಚೆಗೆ ಮಾಡಿಸಿದ ವಂಶವೃಕ್ಷ ನಿಮ್ಮ ಸಂಬಂಧವನ್ನಷ್ಟೇ ತೋರಿಸುತ್ತದೆ, ಹೆಸರಿನ ಕಾಗುಣಿತಕ್ಕೆ ಅದೊಂದೇ ಸಾಲದು.